ಚರ್ಮದ ಜಿಡ್ಡೂ ಅದನ್ನುಂಡು ಬಾಳುವ ಯೀಸ್ಟೂ

ಕುತ್ತಿಗೆಯ ಮೇಲೆ ಬಿಳುಪಾದ ಮಚ್ಚೆಗಳೆದ್ದ ಹುಡುಗಿಯು ಅವುಗಳನ್ನು ಸೆರಗಿನಿಂದ ಮರೆಮಾಡಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದುಂಟು. ತೊನ್ನೇ ಬಂದಿತೆಂದು ಮನೆಯ ಹಿರಿಯರು ಅಂಜುವರು, ನೆರೆಯವರು ಆಡಿಕೊಳ್ಳುವರು. ಅನೇಕ ವೇಳೆ ಅದು ಬರಿಯ ಚಿಬ್ಬಾಗಿರುತ್ತದೆ. ಚಿಬ್ಬನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ನುಣ್ಣನೆಯ ಹೊಟ್ಟು ಏಳುವುದು, ತೊನ್ನಿನಲ್ಲಿ ಹೀಗಾಗದು. ಸಂದೇಹವಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಚಿಬ್ಬು ಒಂದು ಸೂಕ್ಷ್ಮ ಶಿಲೀಂಧ್ರದಿಂದ ಉಂಟಾಗುವುದೆಂದು 1846ರಲ್ಲಿ ಜರ್ಮನಿಯ ಐಖ್‌ಸ್ಟೆಟ್ ಎಂಬ ವೈದ್ಯನು ಗುರುತಿಸಿದನು. 1874ರಲ್ಲಿ ಫ್ರಾನ್ಸಿನ ಮಲಾಸೇ ಎಂಬಾತನು ತಲೆಹೊಟ್ಟಿನಲ್ಲಿಯೂ ಇಂಥ ಯೀಸ್ಟ್ ಕಣಗಳನ್ನು ಕಂಡು ವರ್ಣಿಸಿದನು. ಈ ಕುಲಕ್ಕೆ 1889ರಲ್ಲಿ ಆತನ ನೆನಪಿನಿಂದಲೇ ಮಲಸೇಜಿಯ ಎಂಬ ಹೆಸರಾಯಿತು.

ಹಿಟ್ಟನ್ನು ಹುಳಿ ಬರಿಸುವ ಯೀಸ್ಟಿನ ದೂರದ ಬಂಧುವಾದ ಈ ಜೀವಿಯು ನಮ್ಮೆಲ್ಲರ ಚರ್ಮದ ಮೇಲೆಯೂ ವಾಸವಾಗಿದೆ. ಇದನ್ನು ಕೊಳಕುತನದ ಗುರುತೆಂದು ಎಣಿಸಬಾರದು. ಇದರ ವಿಶೇಷವೇನೆಂದರೆ, ತನಗೆ ಬೇಕಾದ ಮೇದಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. 2007ರಲ್ಲಿ ಇದರ ಒಂದು ಜಾತಿಯ ಜೀನುಗಳನ್ನೆಲ್ಲ ಓದಿ ನೋಡಿದಾಗ, ಆ ಕೆಲಸಕ್ಕೆ ಬೇಕಾದ ಜೀನೇ ಅದರಲ್ಲಿ ಇಲ್ಲವೆಂದು ತಿಳಿದುಬಂದಿತು. ಆದುದರಿಂದಲೇ ಪ್ರಯೋಗಶಾಲೆಯಲ್ಲಿ ಇದನ್ನು ಬೆಳೆಸುವವರು ಆಲಿವ್ ಎಣ್ಣೆಯಂತಹ ಜಿಡ್ಡನ್ನು ಉಣಿಸಬೇಕಾಗುವುದು.

ನಮ್ಮ ಮೈಮೇಲೆ ಇದಕ್ಕೆ ಬೇಕಾದ ಜಿಡ್ಡನ್ನು ಚರ್ಮದ ಗ್ರಂಥಿಗಳು ಒಸರುತ್ತವೆ. ಸಾಬೂನು ಮಾಡುವಾಗ ಕ್ಷಾರವು ಎಣ್ಣೆಯನ್ನು ಒಡೆದು ಗ್ಲಿಸರಿನನ್ನು ಬೇರ್ಪಡಿಸುವುದನ್ನು ರಸಾಯನಶಾಸ್ತ್ರದ ಪಾಠದಲ್ಲಿ ಓದಿರುವಿರಷ್ಟೆ. ಅದಕ್ಕೆ ಸಾಮಾನ್ಯವಾಗಿ ಬೆಂಕಿಯನ್ನೂ ಕುದಿತವನ್ನೂ ಬಳಸುವುದುಂಟು. ಈ ಯೀಸ್ಟಾದರೋ ಲೈಪೇಸ್ ಎಂಬ ಕಿಣ್ವವನ್ನು ಹೊರಚೆಲ್ಲಿ, ಮೈಯ ಬಿಸಿಯಲ್ಲಿಯೇ ಜಿಡ್ಡನ್ನು ಗ್ಲಿಸರಿನ್ ಮತ್ತು ಮೇದಾಮ್ಲಗಳನ್ನಾಗಿ ಒಡೆಯುತ್ತದೆ. ಹಾಗೆ ಒಡೆದ ಆಮ್ಲಗಳಲ್ಲಿ ತನಗೆ ಒಗ್ಗುವುದನ್ನು ಹೀರಿಕೊಂಡು, ಓಲಿಯಿಕ್ ಆಮ್ಲವೇ ಮೊದಲಾದವನ್ನು ಉಳಿಸಿಬಿಡುತ್ತದೆ. ಈ ಎಂಜಲೇ ಕೇಡಿಗೆ ಮೂಲ. ಅದು ಚರ್ಮದ ಮೇಲ್ಪದರವನ್ನು ಹೊಕ್ಕು ಕೆರಳಿಸಲು, ತುರಿಕೆಯೂ ಹೊಟ್ಟೂ ತೋರುತ್ತವೆ. ಓಲಿಯಿಕ್ ಆಮ್ಲವೊಂದನ್ನೇ ತಲೆಗೆ ಸವರಿ ಪರೀಕ್ಷಿಸಿದಾಗ, ಹೊಟ್ಟಿನ ಬಾಧೆಯುಳ್ಳವರಲ್ಲಿ ಹೊಟ್ಟೆದ್ದಿತು, ಇತರರಲ್ಲಿ ಹಾಗಾಗಲಿಲ್ಲ. ಎಲ್ಲರ ತಲೆಯಲ್ಲಿ ಯೀಸ್ಟಿದ್ದರೂ ಕೆಲವರಿಗೆ ಮಾತ್ರ ಹೊಟ್ಟೇಕೆಂಬುದಕ್ಕೆ ಉತ್ತರವು ಬಹುಮಟ್ಟಿಗೆ ಇಲ್ಲಿಯೇ ಇದೆ.

ಹದಿಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾಗುವುದರಿಂದ ಈ ಬಾಧೆಗಳೂ ಆಗಲೇ ಹೆಚ್ಚುತ್ತವೆ. ಸೆಕೆ ಮತ್ತು ಬೆವರು ಕೂಡಿದಾಗ ಯೀಸ್ಟು ನೂಲಿನಂತೆ ಎಳೆಯೊಡೆದು ಚಿಬ್ಬನ್ನುಂಟುಮಾಡುವುದು. ಅದು ಹುಟ್ಟಿಸುವ ಅಜೆಲೇಯಿಕ್ ಆಮ್ಲವು ಚರ್ಮದ ವರ್ಣೋತ್ಪತ್ತಿಯನ್ನು ತಡೆಯುವುದೇ ಬಿಳುಪಿಗೆ ಒಂದು ಕಾರಣವಿರಬಹುದೆಂದು ಶಾಸ್ತ್ರಜ್ಞರು ಊಹಿಸಿರುವರು.

ಹೊಟ್ಟೆದ್ದ ತಲೆಗೆ ಇನ್ನಷ್ಟು ಎಣ್ಣೆ ಹಚ್ಚುವುದು ನಮ್ಮಲ್ಲಿ ರೂಢಿ. ತಾಯಂದಿರ ಅಕ್ಕರೆಯನ್ನು ಅಲ್ಲಗಳೆಯಲಾಗದಾದರೂ ಅದು ಔಷಧವಲ್ಲ. ಹೊಟ್ಟಿಗೂ ಚಿಬ್ಬಿಗೂ ಕೀಟೋಕೊನಜೋಲ್, ಸೆಲೇನಿಯಮ್ ಸಲ್ಫೈಡ್ ಮೊದಲಾದವು ಈ ಯೀಸ್ಟನ್ನು ಅಡಗಿಸುತ್ತವೆ. ಚಿಬ್ಬಿನ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು: ಯೀಸ್ಟು ಅಡಗಿ ಹೊಟ್ಟು ನಿಂತ ಮೇಲೂ ಬಿಳುಪು ಕೆಲವು ತಿಂಗಳು ಉಳಿಯಬಹುದು. ಮದ್ದು ಫಲಿಸಲಿಲ್ಲವೆಂದು ಹುಡುಗಿಯು ಕಣ್ಣೀರಿಡುವುದು ಆಗಲೇ. ಚರ್ಮವು ತನ್ನ ಬಣ್ಣವನ್ನು ಮರಳಿ ತುಂಬಿಕೊಳ್ಳಲು ಅಷ್ಟು ಕಾಲ ಬೇಕು.