ರಸೀದಿಗೊಂದು ಜೋಡಿ

ಆದಾಯ ತೆರಿಗೆ ರಿಟರ್ನ್ ಜೊತೆಗೆ ಯಾವ ಕಾಗದವನ್ನೂ ಲಗತ್ತಿಸಬೇಕಾಗಿಲ್ಲ. ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಅಂದರೆ ಎಲ್ಲರೂ ಸಿಪಿಸಿ ಎನ್ನುವ ಕಡೆಗೆ, ಹೋಗುವುದು ಅಂಕಿಗಳಷ್ಟೇ. ವಿನಾಯಿತಿಗೆ ಆಧಾರವಾದ ರಸೀದಿಗಳೆಲ್ಲ ತೆರಿಗೆದಾರರ ಮನೆಯಲ್ಲೇ ಉಳಿಯುತ್ತವೆ. ರಿಫಂಡ್ ಖಾತೆಗೆ ಬಂತೆಂದರೆ ಕೇಳಿದ ವಿನಾಯಿತಿಯನ್ನೆಲ್ಲ ಇಲಾಖೆ ಒಪ್ಪಿಕೊಂಡಿತು ಎಂದು ಹಲವರು ತಿಳಿಯುತ್ತಾರೆ. ಸಿಪಿಸಿ ಮಾಡಿರುವುದು ಕೂಡಿ ಕಳೆದು ನೋಡುವ ಕೆಲಸ ಮಾತ್ರ. ಆಧಾರ ತೋರಿಸಿ ಎಂದು ಕೇಳುವ ಅಧಿಕಾರ ಇಲಾಖೆಗೆ ಆಮೇಲೂ ಇರುತ್ತದೆ, ಅದೂ ರಸೀದಿ ಎಲ್ಲಿಟ್ಟೆವೆಂದು ಮರೆತುಹೋಗುವಷ್ಟು ಕಾಲ.

ವಿಚಾರಣೆ ಬಂದರೆ ಪ್ರಶ್ನೆಗಳು ಎರಡೇ: ಹಣ ಯಾವುದಕ್ಕೆ ಹೋಯಿತು, ನಿಜವಾಗಿಯೂ ಹೋಯಿತೇ. ಮೊದಲನೆಯದಕ್ಕೆ ರಸೀದಿ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್. ಇವೆರಡನ್ನೂ ಜೋಡಿಸಿಡದ ಕಡತ ಎಷ್ಟು ದಪ್ಪಗಿದ್ದರೂ ಅರ್ಧ ಕಡತವೇ. ರಸೀದಿಯ ಮೂಲೆಯಲ್ಲಿ ಹಣ ಹೋದ ದಿನಾಂಕ, ಖಾತೆ, ಯುಪಿಐ ವ್ಯವಹಾರದ ಸಂಖ್ಯೆ ಬರೆದಿಟ್ಟರೆ ಜೋಡಿ ಕೂಡಿತು. ಯುಪಿಐ ಸ್ಕ್ರೀನ್‌ಶಾಟ್ ಫೋನ್ ಬದಲಾದಾಗ ಕಳೆದುಹೋಗಬಹುದು, ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ಮತ್ತೆ ಪಡೆಯಬಹುದು. ಔಷಧಿ ಅಂಗಡಿ, ಲ್ಯಾಬ್‌ಗಳ ನುಣುಪು ಕಾಗದದ ಬಿಲ್ಲಿನಲ್ಲಿ ಶಾಯಿಯೇ ಇರುವುದಿಲ್ಲ, ಅಕ್ಷರ ಮೂಡುವುದು ಶಾಖದಿಂದ. ಬೇಸಿಗೆಯಲ್ಲಿ ಬೀರುವಿನೊಳಗಿಟ್ಟ ಅಂಥ ಬಿಲ್ಲು ಬರಬರುತ್ತ ಖಾಲಿ ಹಾಳೆಯಾಗುತ್ತದೆ. ಅದನ್ನು ತಂದ ದಿನವೇ ಫೋಟೊ ತೆಗೆಯಬೇಕು, ಇಲ್ಲವೇ ಜೆರಾಕ್ಸ್ ಮಾಡಿಸಬೇಕು.

ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹೆಚ್ಚು ತಕರಾರು ತರುವುದು ಬಾಡಿಗೆ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಚೇರಿಗೆ ಕೊಡಬೇಕು. ಕರಾರು ಪತ್ರ, ರಸೀದಿ, ಬ್ಯಾಂಕಿನಿಂದ ಹೋದ ಹಣ ಈ ಮೂರರಲ್ಲೂ ಮೊತ್ತ ಒಂದೇ ಇರಬೇಕು. ಬೆಂಗಳೂರಿನಲ್ಲಿ ಬಾಡಿಗೆಯ ಹಲವು ಪಟ್ಟು ಕೊಡುವ ಅಡ್ವಾನ್ಸ್ ಠೇವಣಿಯೇ ಹೊರತು ಬಾಡಿಗೆಯಲ್ಲ, ಅದನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಮನೆ ಖಾಲಿ ಮಾಡುವಾಗ ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಂಡರೆ ಆ ತಿಂಗಳುಗಳಿಗೆ ಬ್ಯಾಂಕಿನಲ್ಲಿ ಯಾವ ಗುರುತೂ ಇರುವುದಿಲ್ಲ. ಮಾಲೀಕರಿಂದ ಅಷ್ಟನ್ನು ಬರೆಸಿಕೊಂಡಿರುವುದು ಲೇಸು. ಅಪ್ಪ ಅಮ್ಮನಿಗೆ ಬಾಡಿಗೆ ಕೊಟ್ಟು ವಿನಾಯಿತಿ ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಮನೆ ಅವರ ಹೆಸರಿನಲ್ಲಿರಬೇಕು, ಹಣ ನಿಜವಾಗಿ ಅವರ ಖಾತೆಗೆ ಹೋಗಿರಬೇಕು, ಅವರೂ ಅದನ್ನು ಆದಾಯವೆಂದು ತೋರಿಸಬೇಕು. ಸುಳ್ಳು ರಸೀದಿ ಎಂದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ಆಗ ಉಳಿಸಿದ್ದು ಬಡ್ಡಿ ಸಮೇತ ಕೈಬಿಡುತ್ತದೆ.

ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕಟ್ಟಿದರೆ ವಿನಾಯಿತಿ ಇಲ್ಲ. 5,000 ರೂಪಾಯಿವರೆಗಿನ ಮುಂಜಾಗ್ರತಾ ಆರೋಗ್ಯ ತಪಾಸಣೆಗೆ ಮಾತ್ರ ನಗದು ನಡೆಯುತ್ತದೆ. 60 ದಾಟಿದ, ಆರೋಗ್ಯ ವಿಮೆಯೇ ಇಲ್ಲದ ತಂದೆ ತಾಯಿಯ ಚಿಕಿತ್ಸೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ ಎಂಬುದು ಬಹಳ ಮನೆಗಳಲ್ಲಿ ಗೊತ್ತೇ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೇ ಅದರ ದೊಡ್ಡ ಪಾಲು ಹೋಗುತ್ತದೆ. ಇದಕ್ಕೂ ನಗದು ಆಗದು. ಬಿಲ್ಲಿನಲ್ಲಿ ರೋಗಿಯ ಹೆಸರಿರಬೇಕು, ವೈದ್ಯರ ಚೀಟಿ ಜೊತೆಗಿರಬೇಕು. ‘ಹೆಸರೇನು’ ಎಂದು ಅಂಗಡಿಯವರು ಕೇಳಿದಾಗ ಔಷಧಿ ತರಲು ಹೋದ ಮಗ ತನ್ನ ಹೆಸರನ್ನೇ ಹೇಳಿಬಿಡುವುದು ರೂಢಿ, ಆ ಬಿಲ್ಲಿನಿಂದ ಪ್ರಯೋಜನವಿಲ್ಲ.

ಮಕ್ಕಳ ಶಾಲೆಯ ಶುಲ್ಕದಲ್ಲಿ ಬೋಧನಾ ಶುಲ್ಕ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದೂ ಇಬ್ಬರು ಮಕ್ಕಳವರೆಗೆ. ಡೊನೇಷನ್, ಅಭಿವೃದ್ಧಿ ಶುಲ್ಕ, ವಾಹನ ಶುಲ್ಕಗಳನ್ನು ಬೇರೆ ಮಾಡಿ ತೋರಿಸಿದ ರಸೀದಿಯನ್ನೇ ಶಾಲೆಯಿಂದ ಕೇಳಿ ಪಡೆಯಬೇಕು. ದಾನ 2,000 ರೂಪಾಯಿ ಮೀರಿದರೆ ನಗದು ಸಲ್ಲದು. ಸಂಸ್ಥೆ ಕೊಡುವ ರಸೀದಿಯೊಂದೇ ಸಾಲದು, ಇಲಾಖೆಯ ಪೋರ್ಟಲ್‌ನಿಂದ ತೆಗೆದುಕೊಡುವ 10ಬಿಇ ಪ್ರಮಾಣಪತ್ರವೂ ಬೇಕು. ಹುಂಡಿಗೆ ಹಾಕಿದ ಕಾಣಿಕೆಗೂ ಅನ್ನದಾನಕ್ಕೆ ಕೊಟ್ಟ ಅಕ್ಕಿ ಮೂಟೆಗೂ ವಿನಾಯಿತಿ ಸಿಗುವುದಿಲ್ಲ, ಪುಣ್ಯದ ಲೆಕ್ಕ ಬೇರೆ.

ಕಡತಕ್ಕೆ ದುಬಾರಿ ಸರಂಜಾಮು ಬೇಡ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಹಣಕಾಸು ವರ್ಷಕ್ಕೆ ಒಂದು ಫೈಲು, ಒಳಗೆ ಬಾಡಿಗೆ, ವಿಮೆ, ಮನೆ ಸಾಲ, ಶಾಲೆ, ದಾನ ಎಂದು ಬರೆದ ಲಕೋಟೆಗಳು ಸಾಕು. ಲಕೋಟೆಯ ಮೇಲೆ ಕಾಯ್ದೆಯ ಸೆಕ್ಷನ್ ಸಂಖ್ಯೆ ಬರೆಯುವುದಕ್ಕಿಂತ ಖರ್ಚಿನ ಹೆಸರು ಬರೆಯುವುದೇ ಮೇಲು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದ್ದು, ಬಾಯಿಪಾಠವಾಗಿದ್ದ 80ಸಿ, 80ಡಿ ಮುಂತಾದ ಸಂಖ್ಯೆಗಳು ಬದಲಾಗಿವೆ.

ಜನವರಿಯಲ್ಲಿ ಕಚೇರಿಯವರು ದಾಖಲೆ ಕೇಳಿದಾಗ ಕೊಡಲಾಗದ್ದನ್ನು ರಿಟರ್ನ್‌ನಲ್ಲಿ ಕೇಳಬಹುದು. ಆದರೆ ಫಾರಂ 16ರಲ್ಲಿ ಇಲ್ಲದ ವಿನಾಯಿತಿ ರಿಟರ್ನ್‌ನಲ್ಲಿ ಕಾಣಿಸಿಕೊಂಡರೆ ಇಲಾಖೆಯ ಕಣ್ಣಿಗೆ ಬೇಗ ಬೀಳುತ್ತದೆ. ಅಂಥದ್ದರ ಆಧಾರ ಕೈಗೆಟುಕುವಂತಿರಬೇಕು. ರಿಟರ್ನ್ ತುಂಬುವ ಮುನ್ನ ಪೋರ್ಟಲ್‌ನಿಂದ ವಾರ್ಷಿಕ ಮಾಹಿತಿ ಪಟ್ಟಿಯನ್ನೂ 26ಎಎಸ್ ಅನ್ನೂ ಇಳಿಸಿಕೊಂಡು ಅದೇ ಫೈಲಿಗೆ ಸೇರಿಸಬೇಕು. ಮರೆತುಹೋದ ಠೇವಣಿಯ ಬಡ್ಡಿ ಸಿಕ್ಕಿಬೀಳುವುದು ಅಲ್ಲೇ.

ಎಷ್ಟು ವರ್ಷ ಇಟ್ಟುಕೊಳ್ಳಬೇಕು? 2025ರ ಜುಲೈಯಲ್ಲಿ ಸಲ್ಲಿಸಿದ ರಿಟರ್ನ್‌ನ ಪರಿಶೀಲನೆಗೆ ನೋಟಿಸ್ ಕೊಡಲು ಇಲಾಖೆಗೆ 2026ರ ಜೂನ್ 30ರವರೆಗೆ ಕಾಲಾವಕಾಶ. ಪ್ರಕರಣವನ್ನೇ ಮತ್ತೆ ತೆರೆಯುವುದಾದರೆ ಕರನಿರ್ಧಾರಣಾ ವರ್ಷ ಮುಗಿದು ಮೂರು ವರ್ಷ ಮೂರು ತಿಂಗಳವರೆಗೆ ಅವಕಾಶವಿದೆ. ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಐದು ವರ್ಷ ಮೂರು ತಿಂಗಳು. ಸಂಬಳದವರು ಏಳು ವರ್ಷದ ಫೈಲುಗಳನ್ನು ಇಟ್ಟುಕೊಂಡರೆ ನಿಶ್ಚಿಂತೆ.

ಈ ಅವಧಿ ಅನ್ವಯಿಸದ ಲಕೋಟೆ ಒಂದಿದೆ, ಆಸ್ತಿಯದು. ಹೊಸ ಪದ್ಧತಿಗೆ ಹೋದವರೂ ಇದನ್ನು ಬಿಡುವಂತಿಲ್ಲ. ಸೈಟು ಅಥವಾ ಮನೆ ಮಾರಿದಾಗ ಲಾಭ ಲೆಕ್ಕ ಹಾಕಲು ಕೊಂಡ ಬೆಲೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಮೇಲ್ಮಹಡಿ ಕಟ್ಟಿಸಿದ ಖರ್ಚು ಎಲ್ಲವೂ ಬೇಕು. ಮೇಸ್ತ್ರಿಗೆ ಕೈಯಲ್ಲಿ ಕೊಟ್ಟು ಬರೆಸಿಕೊಳ್ಳದೆ ಬಿಟ್ಟ ಹಣ ಇಪ್ಪತ್ತು ವರ್ಷದ ಮೇಲೆ ಲೆಕ್ಕಕ್ಕೆ ಸಿಗುವುದಿಲ್ಲ. ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ ತಂದೆ ಕೊಟ್ಟ ಬೆಲೆಯೇ ಆಧಾರ. ಅದು 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು, ಅಂದಿನ ಮಾರ್ಗಸೂಚಿ ಬೆಲೆ ಮೀರದಂತೆ, ಹಿಡಿಯಬಹುದು. ಆಸ್ತಿಯನ್ನು ಮಾರಿದ ಮೇಲೂ ಆ ವರ್ಷದ ಫೈಲಿನ ಜೊತೆ ಈ ಲಕೋಟೆ ಇರಬೇಕು. ಕ್ರಯಪತ್ರದ ಮೂಲ ಪ್ರತಿ ಸಾಲಕ್ಕಾಗಿ ಬ್ಯಾಂಕಿನಲ್ಲಿದ್ದರೆ ಅದರ ಜೆರಾಕ್ಸ್, ಬ್ಯಾಂಕಿಗೆ ಕೊಟ್ಟ ದಾಖಲೆಗಳ ಪಟ್ಟಿ ಮತ್ತು ಬ್ಯಾಂಕು ಕೊಟ್ಟ ಸ್ವೀಕೃತಿ ಪತ್ರವನ್ನು ಇದರಲ್ಲೇ ಇಡಬೇಕು.