ಹತ್ತು ಹೆಜ್ಜೆ ದೂರ

ಹುಣಸೆ ಮರದ ಬುಡದ ಒಣಧೂಳಿನಲ್ಲಿ ಆಲಿಕೆಯಾಕಾರದ ಪುಟ್ಟ ಕುಳಿಗಳಿದ್ದವು. ಮೂರು ವರ್ಷದ ಹುಡುಗಿಯೊಬ್ಬಳು ಒಂದು ಕುಳಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅಂಚಿಗೆ ಬಂದ ಇರುವೆ ಜಾರಿತು. ಹತ್ತಲು ನೋಡಿತು. ತಳದಲ್ಲಿ ಅವಿತಿದ್ದ ಹುಳು ಮಣ್ಣು ಚಿಮ್ಮಿತು, ಇರುವೆ ಮತ್ತೆ ಜಾರಿತು. ಅವಳು ಉಸಿರು ಬಿಗಿಹಿಡಿದಿದ್ದಳು. ಅಷ್ಟರಲ್ಲಿ ನಾನು, 'ಪುಟ್ಟಿ, ಬಾ, ಎಲ್ಲರೂ ಎಲೆ ಆರಿಸೋಣ' ಎಂದು ಕೈಹಿಡಿದು ಎಬ್ಬಿಸಿಬಿಟ್ಟೆ. ನಾಲ್ಕು ವರ್ಷದ ಹಿಂದಿನ ಮಾತು, ಇವತ್ತಿಗೂ ಚುಚ್ಚುತ್ತದೆ.

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯ ಪಕ್ಕ ಹಳೇ ತೋಪೊಂದರ ಏಳೆಂಟು ಮರಗಳು ಉಳಿದಿವೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಎರಡರಿಂದ ಆರು ವರ್ಷದ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ಅಲ್ಲಿಗೆ ಬರುತ್ತಾರೆ. ಹೆಚ್ಚಿನವರದು ಅಪಾರ್ಟ್‌ಮೆಂಟ್ ಬದುಕು, ಬರಿಗಾಲಲ್ಲಿ ಮಣ್ಣು ತುಳಿಯಲು ಅಳುವ ಮಕ್ಕಳೂ ಇದ್ದರು. ಮೊದಮೊದಲು ನಾನು ಎಲೆ ಆರಿಸುವುದು, ಹಕ್ಕಿ ಎಣಿಸುವುದು ಎಂದು ಗಂಟೆಗಂಟೆಗೂ ಕೆಲಸ ಹಚ್ಚುತ್ತಿದ್ದೆ. ಪಟ್ಟಿ ಮುಗಿಯುತ್ತಿತ್ತು, ಆಟ ಹುಟ್ಟುತ್ತಿರಲಿಲ್ಲ. ಪಟ್ಟಿ ಬಿಟ್ಟ ಮೇಲೂ ದೊಡ್ಡವರ ಬಾಯಿ ನಿಲ್ಲಲಿಲ್ಲ. 'ಮುಟ್ಟಬೇಡ', 'ಬೀಳ್ತೀಯ', 'ಛೀ, ಕೊಳೆ'. ಪ್ರೀತಿಯ ಮಾತುಗಳೇ, ಆದರೆ ಒಂದೊಂದಕ್ಕೂ ಮಗು ತಲೆಯೆತ್ತಿ ಅಮ್ಮನ ಮುಖ ನೋಡುತ್ತಿತ್ತು. ಕೈಯಲ್ಲಿದ್ದ ಕಡ್ಡಿ ಅಲ್ಲೇ ಬೀಳುತ್ತಿತ್ತು.

ಆಗ ಮನೆಯಿಂದ ಜಮಖಾನ ತಂದು ಮಕ್ಕಳಿಂದ ಹತ್ತು ಹೆಜ್ಜೆ ದೂರದಲ್ಲಿ ಹಾಸಿದೆ. ಫ್ಲಾಸ್ಕಿನಲ್ಲಿ ಕಾಫಿ. ದೊಡ್ಡವರ ಜಾಗ ಅದು. ಮಗು ಕರೆದರೆ ಮಾತ್ರ ಏಳಬೇಕು. ಕಣ್ಣಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ. ಕಾಲು ಗಂಟೆಯಲ್ಲಿ ಮಕ್ಕಳು ನಮ್ಮನ್ನು ಮರೆತು, ಬಿದ್ದ ಕೊಂಬೆಯನ್ನು ಬಸ್ಸು ಮಾಡಿಕೊಂಡರು. ಹುಣಸೆ ಎಲೆ ಟಿಕೆಟ್ಟು.

ದೂರ ಕೂರುವವರು ಮೊದಲೇ ಹತ್ತಿರದಿಂದ ನೋಡಿರಬೇಕು ಎಂಬುದನ್ನು ಕಲಿತದ್ದು ಎರಡನೇ ವರ್ಷದ ಮಳೆಗಾಲದಲ್ಲಿ. ಬೇಲಿಯಂಚಿನ ನುಗ್ಗೆ ಮರದ ಕಾಂಡಕ್ಕೆ ನಾಲ್ಕು ವರ್ಷದ ಹುಡುಗನೊಬ್ಬ ಅಂಗೈಯಿಟ್ಟು ನಿಂತ, ಚೀರಿದ. ತೊಗಟೆಯಂತೆ ಕಂಡದ್ದು ಒತ್ತೊತ್ತಾಗಿ ಅಂಟಿಕೊಂಡಿದ್ದ ಕಂಬಳಿಹುಳುಗಳು. ಗಾಬರಿಯಲ್ಲಿ ನಾನು ಒದ್ದೆ ಬಟ್ಟೆಯಿಂದ ತಿಕ್ಕಿದೆ, ಕೂದಲು ಇನ್ನಷ್ಟು ಹರಡಿತು, ಮೊಣಕೈವರೆಗೂ ದದ್ದು. ತಿಕ್ಕಲೇಬಾರದು. ಅಂಟುಪಟ್ಟಿ ಒತ್ತಿ ಎಳೆದು ಕೂದಲು ಕೀಳಬೇಕು, ಆಮೇಲೆ ಸೋಪುನೀರಿನಲ್ಲಿ ತೊಳೆಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮುಖ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ. ಹುಡುಗ ಎರಡು ದಿನದಲ್ಲಿ ಸುಧಾರಿಸಿಕೊಂಡ. ಆ ಮನೆಯವರು ಮತ್ತೆ ಬರಲಿಲ್ಲ. ಅವರ ಕೋಪ ನ್ಯಾಯವಾದದ್ದೇ.

ಅಂದು ಮೊಮ್ಮಗಳ ಜೊತೆ ಬಂದಿದ್ದ ಹಾಸನದ ಕಡೆಯ ಅಜ್ಜಿಯೊಬ್ಬರು, 'ನುಗ್ಗೆ ಮರ ಅಂದಮೇಲೆ ಕಂಬಳಿಹುಳ ಇದ್ದೇ ಇರುತ್ತೆ ಕಣಮ್ಮ, ಮೊದ್ಲು ಮೇಲೆ ಕೆಳಗೆ ನೋಡ್ಬೇಕು' ಎಂದರು. ಅಲ್ಲಿಂದ ಅಜ್ಜಿ ತಾತಂದಿರನ್ನು ಒತ್ತಾಯ ಮಾಡಿ ಕರೆಯತೊಡಗಿದೆ. ಮಕ್ಕಳು ಬರುವ ಅರ್ಧ ಗಂಟೆ ಮುಂಚೆ ಅವರಲ್ಲೊಬ್ಬರ ಜೊತೆ ಜಾಗವನ್ನೆಲ್ಲ ಸುತ್ತುತ್ತೇನೆ. ಜೇನುಹುಟ್ಟು, ಒಡೆದ ಬಾಟಲಿ, ಒಣಗಿ ತೂಗುತ್ತಿರುವ ಕೊಂಬೆ, ಬೆಂಕಿ ಇರುವೆಯ ಗೂಡು. ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ: ಮಂಡಿ ತರಚುತ್ತದೆ, ಬಟ್ಟೆ ಕೆಸರಾಗುತ್ತದೆ, ಇರುವೆ ಕಚ್ಚಬಹುದು. ಒಪ್ಪಿದವರು ಉಳಿಯುತ್ತಾರೆ.

ಕಳೆದ ಜನವರಿಯಲ್ಲಿ ಎಲ್ಲರೂ ಲಾಲ್‌ಬಾಗಿಗೆ ಹೋಗಿದ್ದೆವು. ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದನ್ನು ಮಕ್ಕಳಿಗೆ ಹೇಳಲು ಹೋಗಲಿಲ್ಲ. ಅವರಿಗೆ ಜಾರುಬಂಡೆ ಎಂದರೆ ಪಾರ್ಕಿನ ಪ್ಲಾಸ್ಟಿಕ್ಕು. ಇಲ್ಲಿ ಇಳಿಜಾರಿನಲ್ಲಿ ಕೂತು ತಾವೇ ಜಾರಿ ನೋಡಿದವರು, 'ಆಂಟಿ, ಇದು ನಿಜವಾದ ಬಂಡೆ ಜಾರುಬಂಡೆ!' ಎಂದು ಕೂಗಿದರು. ಮಗ ಎಡವಿದರೆ ಓಡುತ್ತಿದ್ದ ಒಬ್ಬ ಅಪ್ಪ ಆ ದಿನವೂ ಬಂದಿದ್ದರು. ಮಗ ಜಾರಿ, ಪಕ್ಕಕ್ಕೆ ಉರುಳಿ, ಚಡ್ಡಿ ಹರಿದುಕೊಂಡು ಎದ್ದ. ಅಪ್ಪ ಎದ್ದು ನಿಂತರು. ಮಗ ಇತ್ತ ತಿರುಗಿಯೂ ನೋಡದೆ ಮತ್ತೆ ಮೇಲಕ್ಕೆ ಹತ್ತತೊಡಗಿದ. ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಜಮಖಾನದ ಮೇಲೆ ಕೂತರು.