ದೆವ್ವವಲ್ಲ, ದಾರಿ ತಪ್ಪಿದವಳು

ಹಳೆಯ ದೊಡ್ಡ ಮನೆ, ಹೊರಗೆ ಗುಡುಗು ಮಳೆ, ತಾನಾಗಿ ಆರುವ ಮೇಣದಬತ್ತಿ, ಗೋಡೆಯನ್ನೇ ನಡುಗಿಸುವ ಬಡಿತ. ದೆವ್ವದ ಕಥೆಗೆ ಬೇಕಾದ ಸಾಮಗ್ರಿ ಯಾವ ದೇಶದಲ್ಲಾದರೂ ಹೆಚ್ಚುಕಡಿಮೆ ಇಷ್ಟೇ. ಇಂಥದ್ದನ್ನು ಟಿ.ವಿ.ಯಲ್ಲಿ ನೋಡಿದ ರಾತ್ರಿ ಮಕ್ಕಳು ದೀಪ ಆರಿಸಲು ಬಿಡುವುದಿಲ್ಲ. ‘ಸತ್ತವರು ತಿರುಗಿ ಬರ್ತಾರಾ?’ ಎಂದು ಕೇಳುತ್ತಾರೆ. ‘ಅದೆಲ್ಲ ಸುಳ್ಳು, ಸುಮ್ಮನೆ ಮಲಗು’ ಎಂದು ನಾವು ಮಾತು ಮುಗಿಸುತ್ತೇವೆ.

ಪ್ರಿಯ ಓದುಗರೇ, ಆ ಪ್ರಶ್ನೆ ಮಕ್ಕಳದು ಮಾತ್ರವೇ? ಸಾವು ಕಂಡ ಮನೆಯಲ್ಲಿ ದೊಡ್ಡವರೂ ಅದನ್ನು ಕೇಳಿಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ತೀರಿಕೊಂಡವರು ಈಗ ಎಲ್ಲಿದ್ದಾರೆ? ನಮಗೂ ಅವರಿಗೂ ಇರುವ ನಂಟು ಮುಗಿಯಿತೇ? ಅವರಿಗಾಗಿ ನಾವು ಮಾಡಬಹುದಾದದ್ದು ಏನಾದರೂ ಉಳಿದಿದೆಯೇ? ಈ ಪ್ರಶ್ನೆಗಳನ್ನು ಹಿಡಿದು ಯೋಚಿಸಲು ಬ್ರಿಟನ್ನಿನ ಟಿ.ವಿ. ಧಾರಾವಾಹಿಯೊಂದರ ಒಂದು ಕಂತು ನಮಗೆ ನೆರವಾಗಬಲ್ಲದು. ಅದನ್ನು ನೋಡದವರಿಗೂ ಅರ್ಥವಾಗುವಂತೆ ಮೊದಲು ಕಥೆಯನ್ನು ಹೇಳುತ್ತೇನೆ.

ಕಥೆ ಏನು?

ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಬಿ.ಬಿ.ಸಿ. ಇದನ್ನು 1963ರ ನವೆಂಬರ್ 23ರಂದು ಆರಂಭಿಸಿತು. 1989ರಲ್ಲಿ ನಿಂತ ಧಾರಾವಾಹಿ 2005ರಲ್ಲಿ ಮತ್ತೆ ಶುರುವಾಯಿತು. ಅದರ ನಾಯಕನನ್ನು ಎಲ್ಲರೂ ‘ಡಾಕ್ಟರ್’ ಎಂದೇ ಕರೆಯುತ್ತಾರೆ. ನೋಡಲು ನಮ್ಮಂತೆಯೇ ಇದ್ದರೂ ಆತ ಬೇರೆ ಲೋಕದವನು. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ವಾಹನದಲ್ಲಿ ಕುಳಿತು ಯಾವ ಕಾಲಕ್ಕೆ ಬೇಕಾದರೂ ಹೋಗಿಬರುತ್ತಾನೆ. 

ನಾವು ನೋಡಲಿರುವ ಕಂತು ‘ಹೈಡ್’. ಇದನ್ನು ಬರೆದವರು ನೀಲ್ ಕ್ರಾಸ್. 2013ರ ಏಪ್ರಿಲ್ 20ರಂದು ಪ್ರಸಾರವಾಯಿತು. ಕಥೆ ನಡೆಯುವುದು 1974ರಲ್ಲಿ, ಇಂಗ್ಲೆಂಡಿನ ಕ್ಯಾಲಿಬರ್ನ್ ಹೌಸ್ ಎಂಬ ಒಂಟಿ ಮನೆಯಲ್ಲಿ. ಅಲ್ಲಿ ಹೆಣ್ಣು ದೆವ್ವವೊಂದಿದೆ ಎಂಬುದು ಆ ಸೀಮೆಯ ನಂಬಿಕೆ. ಮನೆ ಕಟ್ಟುವುದಕ್ಕಿಂತ ಎಷ್ಟೋ ಮೊದಲೇ ಅದರ ಕಥೆಗಳಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ತಂಗಿದ್ದ ಅಮೆರಿಕನ್ ವಾಯುಪಡೆಯವರು ಅದಕ್ಕೆ ಮಾಂಸದ ಡಬ್ಬಿಗಳನ್ನು ಹರಕೆಯಂತೆ ಇಟ್ಟಿದ್ದರಂತೆ. ದಯವಿಟ್ಟು ಕಿರುಚಬೇಡ ಎಂದು ಬೇಡಿಕೊಂಡು ಚೀಟಿಗಳನ್ನೂ ಬರೆದಿಟ್ಟಿದ್ದರಂತೆ.

ಆ ಮನೆಯನ್ನು ಕೊಂಡವರು ಪ್ರೊಫೆಸರ್ ಅಲೆಕ್ ಪಾಮರ್. ಯುದ್ಧಕಾಲದಲ್ಲಿ ಗುಪ್ತ ಕಾರ್ಯಾಚರಣೆಗಳಲ್ಲಿ ದುಡಿದ ಅವರು ಈಗ ಕ್ಯಾಮರಾ ಹಿಡಿದು ದೆವ್ವದ ಬೆನ್ನು ಹತ್ತಿದ್ದಾರೆ. ಅವರ ಜೊತೆಗಿರುವ ಎಮ್ಮಾ ಗ್ರೇಲಿಂಗ್ ಇತರರ ನೋವನ್ನು ತನ್ನೊಳಗೇ ಅನುಭವಿಸಬಲ್ಲ ಹೆಣ್ಣುಮಗಳು. ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಆದರೆ ಇಬ್ಬರೂ ಹೇಳಿಕೊಂಡಿಲ್ಲ. ಅಲ್ಲಿಗೆ ಡಾಕ್ಟರ್ ಮತ್ತು ಅವನ ಸಂಗಾತಿ ಕ್ಲಾರಾ ಬರುತ್ತಾರೆ.

ಪಾಮರ್ ತೆಗೆದ ಫೋಟೋಗಳಲ್ಲಿ ಡಾಕ್ಟರ್ ಒಂದು ವಿಚಿತ್ರವನ್ನು ಗಮನಿಸುತ್ತಾನೆ. ಕ್ಯಾಮರಾದ ಕೋನ ಬದಲಾದರೂ ಆ ಆಕೃತಿಯ ಭಂಗಿ ಮಾತ್ರ ಬದಲಾಗಿಲ್ಲ. ಕೂಡಲೇ ತನ್ನ ವಾಹನದಲ್ಲಿ ಅದೇ ಜಾಗದ ಬೇರೆಬೇರೆ ಕಾಲಗಳಿಗೆ, ಭೂಮಿಯ ಹುಟ್ಟಿನಿಂದ ಅದರ ಕೊನೆಯವರೆಗೂ ಹೋಗಿ ಫೋಟೋ ತೆಗೆಯುತ್ತಾನೆ. ಎಲ್ಲ ಚಿತ್ರಗಳನ್ನು ಒಟ್ಟಿಗೆ ಜೋಡಿಸಿದಾಗ ನಿಜ ಬಯಲಾಗುತ್ತದೆ. ಅವಳು ಸತ್ತವಳಲ್ಲ! ಹೀಲಾ ಟಕೋರಿಯನ್ ಎಂಬ ಹೆಸರಿನ, ಮುಂದಿನ ಕಾಲದಿಂದ ಹೊರಟ ಪ್ರಯಾಣಿಕಳು. ಪ್ರಯಾಣದಲ್ಲಿ ಅಪಘಾತವಾಗಿ, ಕಾಲ ಬಹಳ ನಿಧಾನವಾಗಿ ಚಲಿಸುವ ಒಂದು ಪುಟ್ಟ ಲೋಕದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅಲ್ಲಿ ಏನೋ ಅವಳನ್ನು ಅಟ್ಟಿಸಿಕೊಂಡು ಬರುತ್ತಿದೆ. ಜನ ತಲೆತಲಾಂತರದಿಂದ ನೋಡಿ ನಡುಗಿದ ದೆವ್ವಕ್ಕೆ, ಅವಳ ಲೆಕ್ಕದಲ್ಲಿ, ಅಪಘಾತವಾಗಿ ಮೂರೇ ನಿಮಿಷ ಕಳೆದಿದೆ.

ಎಮ್ಮಾ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಆ ಲೋಕಕ್ಕೆ ಬಾಗಿಲು ತೆರೆಯುತ್ತಾಳೆ. ಡಾಕ್ಟರ್ ಒಳಹೊಕ್ಕು ಹೀಲಾಳನ್ನು ಪಾರುಮಾಡುತ್ತಾನೆ. ಹೀಲಾ ಬೇರೆ ಯಾರೂ ಅಲ್ಲ, ಮುಂದೆ ಎಮ್ಮಾ ಮತ್ತು ಪಾಮರರ ಸಂತತಿಯಲ್ಲೇ ಹುಟ್ಟಲಿರುವ ಕುಡಿ ಎಂಬುದು ಆಮೇಲೆ ತಿಳಿಯುತ್ತದೆ.

‘ಏನು’ ಎಂಬುದಲ್ಲ, ‘ಯಾರು’ ಎಂಬುದು

ಈ ಕಥೆಯ ತಿರುಳು ಎಲ್ಲಿದೆ? ಎಷ್ಟೋ ತಲೆಮಾರುಗಳ ಜನ ಅವಳನ್ನು ಕಂಡರು. ಕೆಲವರು ಓಡಿದರು, ಕೆಲವರು ಕಥೆ ಕಟ್ಟಿದರು, ಕೆಲವರು ಹರಕೆ ಇಟ್ಟರು. ಸುಮ್ಮನಿರು ಎಂದು ಬೇಡಿಕೊಂಡವರಿದ್ದರೇ ಹೊರತು, ಯಾಕೆ ಕೂಗುತ್ತಿದ್ದೀಯೆ ಎಂದು ಕೇಳಿದವರಿರಲಿಲ್ಲ. ಅವಳು ಕೇಳುತ್ತಿದ್ದದ್ದು ಸಹಾಯವನ್ನು.

ಭಯ ಯಾವಾಗಲೂ ‘ಇದು ಏನು?’ ಎಂದು ಕೇಳುತ್ತದೆ. ಪ್ರೀತಿ ‘ಇವರು ಯಾರು? ಇವರಿಗೆ ಏನು ಬೇಕು?’ ಎಂದು ಕೇಳುತ್ತದೆ. ಪ್ರೀತಿ ಪೂರ್ಣವಾದಲ್ಲಿ ಭಯಕ್ಕೆ ಸ್ಥಳವಿಲ್ಲ ಎಂದು ಸಂತ ಯೊವಾನ್ನರು ತಮ್ಮ ಮೊದಲ ಪತ್ರದಲ್ಲಿ (4:18) ತಿಳಿಸುತ್ತಾರೆ. ಇದರ ಅರ್ಥ ಭಯವೇ ಆಗಬಾರದೆಂದಲ್ಲ. ಆ ಪುಟ್ಟ ಲೋಕದ ಕಾಡಿನಲ್ಲಿ ಒಂಟಿಯಾದಾಗ ಡಾಕ್ಟರನೂ ತನಗೆ ಹೆದರಿಕೆಯಾಗಿದೆ ಎಂದು ಒಪ್ಪಿಕೊಳ್ಳುತ್ತಾನೆ.

ಕಂತಿನ ಕೊನೆಯಲ್ಲಿ ಇದೇ ಪಾಠ ಇನ್ನೊಮ್ಮೆ ಬರುತ್ತದೆ. ಹೀಲಾಳನ್ನು ಅಟ್ಟಿಸಿಕೊಂಡು ಬಂದ ವಿಕಾರ ರೂಪದ ಪ್ರಾಣಿಯೂ ಬೇಟೆಗಾರನಲ್ಲ. ಅದರ ಜೊತೆಗಾತಿ ಇತ್ತ ಮನೆಯಲ್ಲಿ ಉಳಿದಿದೆ, ಅದು ಅತ್ತ ಆ ಲೋಕದಲ್ಲಿ ಉಳಿದಿದೆ. ಅಗಲಿದ ಎರಡು ಜೀವಗಳು ಒಂದನ್ನೊಂದು ಹುಡುಕುತ್ತಿವೆ, ಅಷ್ಟೆ. ಇದು ದೆವ್ವದ ಕಥೆಯಲ್ಲ, ಪ್ರೀತಿಯ ಕಥೆ ಎಂದು ಡಾಕ್ಟರನಿಗೆ ಹೊಳೆಯುತ್ತದೆ. ಅವನು ಅದನ್ನು ಕರೆತರಲು ಮರಳಿ ಹೋಗುತ್ತಾನೆ.

ನಾವೆಲ್ಲ ದೆವ್ವಗಳೇ?

ಕಂತಿನ ಅತ್ಯಂತ ಆಳವಾದ ಮಾತು ಬರುವುದು ದೆವ್ವದ ದೃಶ್ಯದಲ್ಲಲ್ಲ, ಕ್ಲಾರಾಳ ಬಾಯಲ್ಲಿ. ಭೂಮಿಯ ಹುಟ್ಟು ಮತ್ತು ಸಾವನ್ನು ಒಂದೇ ಓಟದಲ್ಲಿ ಕಂಡು ಅವಳು ಕುಸಿದುಹೋಗುತ್ತಾಳೆ. ಡಾಕ್ಟರನಿಗೆ ಅದು ಮಾಮೂಲು. ಅವಳು ಅವನನ್ನು ಕೇಳುತ್ತಾಳೆ: ಯಾವ ಕಾಲಕ್ಕೂ ಹೋಗಬಲ್ಲ ನಿನ್ನ ಪಾಲಿಗೆ ನಾನು ಇನ್ನೂ ಹುಟ್ಟಿಲ್ಲ, ಸತ್ತು ಎಷ್ಟೋ ಕೋಟಿ ವರ್ಷಗಳೂ ಆಗಿವೆ. ಹಾಗಾದರೆ ನಾನೂ ನಿನಗೆ ದೆವ್ವವೇ ಅಲ್ಲವೇ? ನಾವು ಮನುಷ್ಯರೆಲ್ಲ ನಿನಗೆ ಲೆಕ್ಕಕ್ಕೇ ಇಲ್ಲವೇ? ಡಾಕ್ಟರ್ ಹಾಗಲ್ಲ ಎನ್ನುತ್ತಾನೆ. ಬಿಡಿಸಲು ಯೋಗ್ಯವಾದ ಒಗಟೆಂದರೆ ಮನುಷ್ಯರೇ ಎಂದು ಉತ್ತರಿಸುತ್ತಾನೆ. ಉತ್ತರ ಚೆನ್ನಾಗಿದೆ, ಆದರೆ ಸಾಲದು. ಒಗಟನ್ನು ಬಿಡಿಸಿದ ಮೇಲೆ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ.

ಕಳೆದದ್ದು ಈಗ ಇಲ್ಲ, ಬರಲಿರುವುದು ಇನ್ನೂ ಇಲ್ಲ, ಇರುವ ಕ್ಷಣ ಹಿಡಿಯುವಷ್ಟರಲ್ಲಿ ಜಾರುತ್ತದೆ ಎಂದು ಸಂತ ಅಗಸ್ಟೀನರು ತಮ್ಮ ‘ಅರಿಕೆಗಳು’ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಚಿಂತಿಸಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಮರಣದಂಡನೆಯನ್ನು ಎದುರು ನೋಡುತ್ತ ಸೆರೆಯಲ್ಲಿದ್ದ ಬೋಯೆಥಿಯಸ್, ದೇವರ ನಿತ್ಯತೆ ಎಂದರೆ ಮುಗಿಯದ ಉದ್ದನೆಯ ಕಾಲವಲ್ಲ, ಸಮಸ್ತವೂ ಒಮ್ಮೆಗೇ ಇರುವ ಪೂರ್ಣ ಜೀವ ಎಂದು ವಿವರಿಸಿದರು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದಕ್ಕೊಂದು ಸರಳ ಹೋಲಿಕೆ ಕೊಟ್ಟರು. ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣರು. ಎತ್ತರದಲ್ಲಿ ನಿಂತವನಿಗೆ ದಾರಿಯಲ್ಲಿರುವವರೆಲ್ಲರೂ ಒಟ್ಟಿಗೆ ಕಾಣುತ್ತಾರೆ.

ಇಲ್ಲಿರುವ ವ್ಯತ್ಯಾಸವನ್ನು ಗಮನಿಸಿ. ಡಾಕ್ಟರ್ ಎಷ್ಟೇ ಸುತ್ತಿದರೂ ದಾರಿಯಲ್ಲಿ ಓಡಾಡುವ ಪ್ರಯಾಣಿಕನೇ. ಒಂದು ಕಾಲಕ್ಕೆ ಹೋದರೆ ಇನ್ನೊಂದನ್ನು ಬಿಡಲೇಬೇಕು. ಆದ್ದರಿಂದಲೇ ಅವನಿಗೆ ಕ್ಲಾರಾ ಒಮ್ಮೆ ಹುಟ್ಟದವಳು, ಮತ್ತೊಮ್ಮೆ ಸತ್ತವಳು. ದೇವರು ದೊಡ್ಡ ಕಾಲಪ್ರಯಾಣಿಕನಲ್ಲ. ಆತನಿಗೆ ನಮ್ಮ ಯಾವ ಕ್ಷಣವೂ ಹಿಂದೆ ಉಳಿಯುವುದಿಲ್ಲ. ಆದುದರಿಂದಲೇ ಪ್ರಭು ಯೇಸು, ಆತನು ಜೀವಂತರ ದೇವರು, ಆತನ ಪಾಲಿಗೆ ಎಲ್ಲರೂ ಬದುಕಿರುವವರೇ ಎಂದು ಸದ್ದುಕಾಯರಿಗೆ ತಿಳಿಸಿದರು (ಲೂಕ 20:38). ಕ್ಲಾರಾಳ ಕಣ್ಣೀರಿಗೆ ನಮ್ಮ ವಿಶ್ವಾಸ ಕೊಡುವ ಉತ್ತರ ಇದು: ದೇವರ ಕಣ್ಣಲ್ಲಿ ಯಾರೂ ದೆವ್ವವಲ್ಲ, ನಿಮ್ಮ ಮನೆಯಿಂದ ಅಗಲಿದವರೂ ಅಲ್ಲ.

ಸತ್ತವರ ಋಣ

ಪಾಮರ್ ದೆವ್ವದ ಬೆನ್ನು ಹತ್ತಿದ್ದು ಯಾಕೆ? ಯುದ್ಧದಲ್ಲಿ ಅವರು ಎಷ್ಟೋ ತರುಣ ತರುಣಿಯರನ್ನು ಸಾವಿನ ಬಾಯಿಗೆ ಕಳುಹಿಸಿದ್ದರು. ಅವರೆಲ್ಲ ಸತ್ತರು, ತಾನು ಮಾತ್ರ ಬದುಕಿದೆ ಎಂಬ ಭಾರವೇ ಅವರನ್ನು ಕಾಡುತ್ತಿತ್ತು. ಮನೆಯಲ್ಲಿರುವ ದೆವ್ವಕ್ಕಿಂತ ಮನಸ್ಸಿನಲ್ಲಿರುವುದೇ ದೊಡ್ಡದು.

ಈ ಭಾರ ನಮಗೆ ಅಪರಿಚಿತವಲ್ಲ. ‘ಆಸ್ಪತ್ರೆಗೆ ಮೊದಲೇ ಸೇರಿಸಬೇಕಿತ್ತು’, ‘ಕೊನೆಗೆ ಒಂದು ಮಾತೂ ಆಡಲಿಲ್ಲ’ ಎಂದು ಕೊರಗುವವರು ಎಷ್ಟು ಜನ! ಇಂಥ ಕೊರಗೇ ಕೆಲವರನ್ನು ಸತ್ತವರೊಂದಿಗೆ ಮಾತನಾಡಿಸುತ್ತೇವೆ ಎನ್ನುವವರ ಬಾಗಿಲಿಗೆ ಒಯ್ಯುತ್ತದೆ.

ಬೈಬಲಿನಲ್ಲಿ ಇಬ್ಬರು ಸೇನಾಪತಿಗಳನ್ನು ನೋಡಿ. ಅರಸ ಸೌಲನು ಯುದ್ಧದ ಫಲಿತಾಂಶ ತಿಳಿಯಬೇಕೆಂದು ವೇಷ ಮರೆಸಿಕೊಂಡು ರಾತ್ರಿಯಲ್ಲಿ ಎಂದೋರಿನ ಹೆಂಗಸಿನ ಬಳಿಗೆ ಹೋದ, ಸತ್ತ ಸಮುವೇಲನನ್ನು ಕರೆಸಿದ (1 ಸಮುವೇಲ 28). ಸಿಕ್ಕಿದ್ದು ಸಮಾಧಾನವಲ್ಲ, ಇನ್ನಷ್ಟು ಭಯ. ಯೂದ ಮಕ್ಕಬಿಯ ಸೈನಿಕರೂ ಯುದ್ಧದಲ್ಲಿ ಮಡಿದರು. ಅವನು ಅವರನ್ನು ಕರೆಸಲು ಹೋಗಲಿಲ್ಲ. ಜನರಿಂದ ಎರಡು ಸಾವಿರ ಬೆಳ್ಳಿಯ ದ್ರಾಕ್ಮಗಳನ್ನು ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ (2 ಮಕ್ಕಬಿ 12). ಸೌಲ ಸತ್ತವರಿಂದ ಪಡೆಯಲು ಹೋದ, ಯೂದ ಸತ್ತವರಿಗಾಗಿ ಕೊಟ್ಟ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಇದೇ ಎರಡು ದಾರಿಗಳನ್ನು ತೋರಿಸುತ್ತದೆ. ಸತ್ತವರನ್ನು ಕರೆಸುವುದು, ಕಣಿ ಕೇಳುವುದು ಸಲ್ಲದು (2116). ಅವರಿಗಾಗಿ ಪ್ರಾರ್ಥನೆ, ದಾನಧರ್ಮ, ಎಲ್ಲಕ್ಕಿಂತ ಮಿಗಿಲಾಗಿ ಬಲಿಪೂಜೆ ಅರ್ಪಿಸುವುದು ಯೋಗ್ಯ (1032).

ಈ ಕಂತನ್ನು ಮಕ್ಕಳೊಂದಿಗೆ ನೋಡುವ ತಂದೆತಾಯಂದಿರು ಇದನ್ನು ಬಿಡಿಸಿ ಹೇಳಬೇಕು. ಎಮ್ಮಾಳ ಅಸಾಮಾನ್ಯ ಶಕ್ತಿ, ನೀಲಿ ಹರಳು ಎಲ್ಲವೂ ಕಥೆಗಾರನ ಕಲ್ಪನೆ. ಅದು ಅನುಕರಿಸುವಂಥದ್ದಲ್ಲ. ಆದರೆ ಒಂದನ್ನು ಮಾತ್ರ ಆಕೆಯಿಂದ ಕಲಿಯಬಹುದು. ತನಗೆ ಏನು ಸಿಗುತ್ತದೆ ಎಂದು ನೋಡದೆ, ಕಷ್ಟದಲ್ಲಿರುವ ಒಂದು ಜೀವಕ್ಕಾಗಿ ತನ್ನ ಶಕ್ತಿಯನ್ನೆಲ್ಲ ಸುರಿದಳು. ತಾನು ನೆರವಾಗುತ್ತಿರುವವಳು ತನ್ನದೇ ರಕ್ತ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ನಾವು ಜಪಸರ ಹಿಡಿಯುವಾಗಲೂ, ಹೆಸರೇ ಗೊತ್ತಿಲ್ಲದ ನಮ್ಮವರ ಕೈ ಹಿಡಿಯುತ್ತಿದ್ದೇವೆ.

ಪುನರುತ್ಥಾನದ ಸಂಜೆ

ಶಿಷ್ಯರೂ ಒಮ್ಮೆ ದೆವ್ವ ಕಂಡೆವೆಂದು ನಡುಗಿದರು. ಪುನರುತ್ಥಾನದ ಸಂಜೆ ಪ್ರಭು ಅವರ ನಡುವೆ ನಿಂತಾಗ ಅವರಿಗೆ ಹಾಗೇ ತೋರಿತು (ಲೂಕ 24). ಪ್ರಭು ಅವರನ್ನು ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಗಾಯದ ಕೈಕಾಲು ತೋರಿಸಿದರು, ಮುಟ್ಟಿ ನೋಡಲು ಹೇಳಿದರು. ಆಮೇಲೆ ತಿನ್ನಲು ಏನಿದೆ ಎಂದು ಕೇಳಿ, ಅವರ ಕಣ್ಣೆದುರೇ ಸುಟ್ಟ ಮೀನನ್ನು ತಿಂದರು. ಭಯವನ್ನು ಪ್ರಭು ಓಡಿಸಿದ್ದು ಗಾಯ ತೋರಿಸಿ, ಜೊತೆಗೆ ಉಂಡು.

ಮಗು ಹೆದರಿ ಎದ್ದು ಕುಳಿತಾಗ ನಾವೂ ಅಷ್ಟನ್ನಾದರೂ ಮಾಡೋಣ. ಪಕ್ಕದಲ್ಲಿ ಕುಳಿತು ಕೈ ಹಿಡಿಯೋಣ. ತೀರಿಹೋದ ಅಜ್ಜ ಅಜ್ಜಿಯರ ಹೆಸರು ಹೇಳಿ ಒಂದು ಪ್ರಾರ್ಥನೆ ಮಾಡಿಸೋಣ. ಹೆದರಿಕೆಯ ನೆರಳಾಗಿದ್ದವರು ಆ ಮಗುವಿಗೆ ಮತ್ತೆ ಅಜ್ಜ, ಮತ್ತೆ ಅಜ್ಜಿಯಾಗುತ್ತಾರೆ.

ಮನೆಯಲ್ಲಿ ಒಟ್ಟಾಗಿ ಆಲೋಚಿಸಲು

1. ನಮ್ಮ ಕುಟುಂಬದಲ್ಲಿ ತೀರಿಕೊಂಡವರ ಹೆಸರುಗಳು ಮಕ್ಕಳಿಗೆ ಗೊತ್ತೇ? ಅವರಿಗಾಗಿ ನಾವು ಕಡೆಯ ಸಲ ಬಲಿಪೂಜೆ ಅರ್ಪಿಸಿದ್ದು ಯಾವಾಗ?

2. ನಮ್ಮ ಬೀದಿಯಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ ‘ವಿಚಿತ್ರ ಮನುಷ್ಯ’ ಎಂದು ಎಲ್ಲರೂ ದೂರವಿಟ್ಟವರು ಯಾರಾದರೂ ಇದ್ದಾರೆಯೇ? ಅವರಿಗೆ ಏನು ಬೇಕಾಗಿದೆ ಎಂದು ಯಾರಾದರೂ ಕೇಳಿದ್ದಾರೆಯೇ?

3. ಹೇಳದೆ ಉಳಿಸಿಕೊಂಡ ಪ್ರೀತಿಯ ಮಾತು, ಕ್ಷಮೆಯ ಮಾತು ನಮ್ಮಲ್ಲಿದೆಯೇ? ಬದುಕಿರುವವರಿಗೆ ಅದನ್ನು ಇಂದೇ ಹೇಳಬಹುದಲ್ಲವೇ?